ಕಲ್ಲು ಉದುರಿದ್ದು ಯಾರ ತಪ್ಪು? ಮಲಾಡ್‌ನ ಒಂದು ಗಾಳಾದಲ್ಲಿ ನಾವು ಕಲಿತಿದ್ದು



ಇಲ್ಲಿ ಕೂತಿರೋರಲ್ಲಿ, ಈ ವಿಡಿಯೋ ನೋಡ್ತಿರೋರಲ್ಲಿ, ಮಲಾಡ್‌ನಲ್ಲಿ ಕೆಲಸ ಮಾಡಿದವರು ಕೆಲವರಾದರೂ ಇರ್ತೀರಿ. ನಮಗೆಲ್ಲ ಮಲಾಡ್ ಅಂದ್ರೆ ಪಶ್ಚಿಮದ ಮಲಾಡ್. ಲಿಂಕ್ ರೋಡ್, ಮೈಂಡ್‌ಸ್ಪೇಸ್, ಗಾಜಿನ ಕಟ್ಟಡಗಳು, ರಾತ್ರಿ ಪಾಳಿ ಮುಗಿಸಿ ಹೊರಗೆ ಬಂದರೆ ಕಟಿಂಗ್ ಚಾಯ್. ನಾನು ಕುಣಿಗಲ್ ಕಡೆಯವಳು. ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ನಿಜ ಹೇಳ್ಬೇಕಂದ್ರೆ ಮೊದಲ ಎಂಟು ವರ್ಷ ನಾನು ರೈಲ್ವೆ ಹಳಿ ದಾಟಿ ಪೂರ್ವಕ್ಕೆ ಹೋಗಿದ್ದು ಊರಿಗೆ ಹೊರಟಾಗ, ಹೈವೇ ಹಿಡಿದು ಏರ್‌ಪೋರ್ಟ್‌ಗೆ ಹೋಗೋವಾಗ ಮಾತ್ರ.

ಆ ಪೂರ್ವದ ಕಡೆ, ಕುರಾರ್ ಸುತ್ತಮುತ್ತ, ಇನ್ನೊಂದು ಮಲಾಡ್ ಇದೆ. ನಮ್ಮ ಊರಿನ ಮದುವೆಗಳಲ್ಲಿ ಹೆಣ್ಣುಮಕ್ಕಳು ಹಾಕ್ಕೊಳ್ಳೋ ಇಮಿಟೇಶನ್ ಒಡವೆ ಇದೆಯಲ್ಲ, ಕಲ್ಲಿನ ಜುಮುಕಿ, ಹಾರ, ಬಳೆ, ಅದರಲ್ಲಿ ಎಷ್ಟೋ ಮಾಲು ಹುಟ್ಟೋದು ಮಲಾಡ್‌ನಲ್ಲಿ. ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದೊಂದು ಮಳಿಗೆಗೆ ಇಲ್ಲಿ ಗಾಳಾ ಅಂತಾರೆ. ಒಂದು ಗಾಳಾದಲ್ಲಿ ಅಚ್ಚು, ಇನ್ನೊಂದರಲ್ಲಿ ಪಾಲಿಶ್, ಮತ್ತೊಂದರಲ್ಲಿ ಪ್ಲೇಟಿಂಗ್. ಕಲ್ಲು ಅಂಟಿಸೋ ಕೆಲಸ ಮಾತ್ರ ಗಾಳಾ ಬಿಟ್ಟು ಹೊರಗೆ ಹೋಗುತ್ತೆ. ಅದು ಚಾಳಿನ ಖೋಲಿಗಳಲ್ಲಿ, ನೆಲದ ಮೇಲೆ ಕೂತು, ಹೆಂಗಸರು ಮಾಡೋ ಕೆಲಸ. ಪೀಸಿಗಿಷ್ಟು ಅಂತ ಕೂಲಿ.

ಇವತ್ತು ನಾನು ಹೇಳೋದು ಅಂಥ ಒಂದು ಗಾಳಾ, ನಾಲ್ಕು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮತ್ತೆ ಉದುರಿ ಬಿದ್ದ ಕಲ್ಲುಗಳ ಕಥೆ.

ಇದಕ್ಕೆ ನಾನು ಹೇಗೆ ಬಂದೆ ಅಂದ್ರೆ, ಪರಿಚಯದವರೊಬ್ಬರು ಉಪನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡ್ತಾರೆ. ಅವರು ಒಂದಿನ ಹೇಳಿದರು, "ನೋಡಿ, ಪ್ರತಿ ವರ್ಷ ಕೊನೇ ವರ್ಷದ ಮಕ್ಕಳು ಪ್ರಾಜೆಕ್ಟ್ ಮಾಡ್ತಾರೆ. ಅರ್ಧ ಪ್ರಾಜೆಕ್ಟ್ ಸೀನಿಯರ್‌ಗಳದ್ದೇ ನಕಲು. ವೈವಾ ಮುಗಿದ ದಿನ ಮಾಡೆಲ್ ಕಸದ ಬುಟ್ಟಿಗೆ. ಆದರೆ ಕಾಲೇಜಿನಿಂದ ಸ್ವಲ್ಪ ದೂರದಲ್ಲೇ ಕಾರ್ಖಾನೆ ನಡೆಸೋರು ನೂರು ತೊಂದರೆ ಇಟ್ಕೊಂಡು ಕೂತಿದ್ದಾರೆ. ಇವರನ್ನ ಅವರ ಹತ್ರ ಕಳಿಸಬಾರದಾ?" ಶನಿವಾರ ನಾನು ಜೊತೆಗೆ ಬರ್ತೀನಿ ಅಂತ ಒಪ್ಪಿಕೊಂಡೆ.

ಇದೇನೂ ಹೊಸ ವಿಚಾರ ಅಲ್ಲ. ಮುಂಬೈನಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಅಂದ್ರೆ ಮಾಟುಂಗಾದಲ್ಲಿರೋ ಈಗಿನ ವಿಜೆಟಿಐ, ಶುರುವಾಗಿದ್ದು 1887ರಲ್ಲಿ. ಆಗ ಊರಿನ ತುಂಬ ಬಟ್ಟೆ ಗಿರಣಿಗಳು. ಗಿರಣಿಗೆ ಬೇಕಾದ ವಿದ್ಯೆಯನ್ನೇ ಅಲ್ಲಿ ಕಲಿಸಿದರು. ಬಿಟ್ಸ್ ಪಿಲಾನಿಯವರು 1973ರಲ್ಲಿ ಪ್ರಾಕ್ಟೀಸ್ ಸ್ಕೂಲ್ ಅಂತ ತಂದು ಹುಡುಗರನ್ನ ಕಾರ್ಖಾನೆಯೊಳಗೆ ತಿಂಗಳುಗಟ್ಟಲೆ ಕೂರಿಸಿದರು. ನಮ್ಮ ಕರ್ನಾಟಕದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1975ರಲ್ಲಿ ಹುಟ್ಟಿತು. ಅದರ ಕಚೇರಿ ಇರೋದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಆವರಣದಲ್ಲೇ. ಎಪ್ಪತ್ತರ ದಶಕದ ಕೊನೆಯಿಂದ ಇವತ್ತಿನವರೆಗೂ ಆ ಮಂಡಳಿ ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ದುಡ್ಡು ಕೊಡ್ತಾ ಬಂದಿದೆ. ನಿಮ್ಮಲ್ಲೂ ಕೆಲವರು ಆ ಚೆಕ್ ತಗೊಂಡಿರಬಹುದು.

ಹಾಗಾಗಿ ದಾರಿ ಇದೆ. ಆ ದಾರಿಯಲ್ಲಿ ಎಲ್ಲಿ ಎಡವುತ್ತೀವಿ ಅನ್ನೋದು ನನಗೆ ಗಾಳಾಗೆ ಹೋದ ಮೇಲೆ ಗೊತ್ತಾಯ್ತು.

ಗಾಳಾದ ಮಾಲೀಕರನ್ನ ಎಲ್ಲರೂ ಶೇಟ್ ಅಂತಾರೆ, ನಾನೂ ಹಾಗೇ ಕರೀತೀನಿ. ಮೊದಲನೇ ದಿನ ಚಹಾ ತರಿಸಿ, ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ವ್ಯಾಪಾರಿ ವಾಪಸ್ ಕಳಿಸಿದ ಓಲೆಗಳು. ಒಂದೊಂದರಲ್ಲೂ ಒಂದೋ ಎರಡೋ ಕಲ್ಲು ಇಲ್ಲ, ಹಲ್ಲು ಬಿದ್ದ ಬಾಯಿ ಹಾಗೆ. "ಹೆಂಗಸರು ಅಂಟು ಉಳಿಸ್ತಾರೆ. ಅವಸರ ಮಾಡ್ತಾರೆ. ಯಾರು ಸರಿ ಮಾಡ್ತಾರೆ, ಯಾರು ಮಾಡಲ್ಲ ಅಂತ ಹಿಡಿಯೋ ಒಂದು ಮಷಿನ್ ಮಾಡಿ ಕೊಡಿ" ಅಂದರು.

ವಾಪಸ್ ಬಂದ ಮಾಲಿಗೆ ವ್ಯಾಪಾರಿ ಇವರ ದುಡ್ಡು ಕತ್ತರಿಸ್ತಾನೆ. ಇವರು ಕೆಲಸ ಹಂಚೋ ಮಧ್ಯವರ್ತಿಯ ದುಡ್ಡು ಕತ್ತರಿಸ್ತಾರೆ. ಅವಳು ಖೋಲಿಯಲ್ಲಿ ಕೂತ ಹೆಂಗಸರದ್ದು ಕತ್ತರಿಸ್ತಾಳೆ. ಅಲ್ಲಿಂದ ಕೆಳಗೆ ಇನ್ನು ಯಾರೂ ಇಲ್ಲ.

ನಮ್ಮ ಹುಡುಗರು ಖುಷಿಯಿಂದ ಕುಣಿದಾಡಿಬಿಟ್ಟರು. ಕ್ಯಾಮೆರಾ ಇಡೋಣ, ಓಲೆಯ ಫೋಟೋ ತೆಗೆಯೋಣ, ಕಲ್ಲಿಲ್ಲದ ಜಾಗ ಗುರುತಿಸೋಕೆ ಮಾಡೆಲ್ ಟ್ರೈನ್ ಮಾಡೋಣ, ಡಬ್ಬಿ ಮೇಲೆ ಕ್ಯೂಆರ್ ಕೋಡ್ ಅಂಟಿಸಿ ಯಾವ ಹೆಂಗಸಿನ ಕೆಲಸ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸೋಣ. ಒಂದೇ ವಾರದಲ್ಲಿ ಪ್ರೆಸೆಂಟೇಶನ್ ಸಿದ್ಧ. ಸುಳ್ಳು ಯಾಕೆ ಹೇಳಲಿ, ನನಗೂ ಚೆನ್ನಾಗೇ ಕಂಡಿತು. ನಾವು ಐಟಿಯವರು, ಸ್ಕ್ರೀನ್ ಮೇಲೆ ಏನಾದರೂ ಮೂಡಿದರೆ ಕೆಲಸ ಆಯ್ತು ಅನ್ನಿಸುತ್ತೆ.

ಆಮೇಲೆ ರಾತ್ರಿ ಮಲಗಿದಾಗ ಒಂದು ಮಾತು ಕೊರೆಯೋಕೆ ಶುರುವಾಯ್ತು. ನಾನು ಟೆಸ್ಟರ್. ಆಫೀಸಿನಲ್ಲಿ ಒಂದು ಬಗ್ ಬಂದರೆ ನಾನು ಕೇಳೋ ಮೊದಲ ಪ್ರಶ್ನೆ, "ಇದನ್ನ ಮತ್ತೆ ಆಗೋ ಹಾಗೆ ಮಾಡಿ ತೋರಿಸ್ತೀರಾ?" ಮರುಕಳಿಸದೆ, ಕಾರಣ ಗೊತ್ತಿಲ್ಲದೆ, ಯಾವ ಬಗ್ಗನ್ನೂ ನಾವು ಮುಚ್ಚಲ್ಲ. ರಾತ್ರಿ ಸರ್ವರ್ ಬಿದ್ದರೆ ಬೆಳಿಗ್ಗೆ ಮೀಟಿಂಗ್‌ನಲ್ಲಿ ಮ್ಯಾನೇಜರ್ ಹೇಳ್ತಾರೆ, ಯಾರು ಮಾಡಿದ್ರು ಅಂತ ಕೇಳಬೇಡಿ, ಹೇಗಾಯ್ತು ಅಂತ ಕೇಳಿ ಅಂತ. ಈ ಮರ್ಯಾದೆ ನಮಗೆ ಸಿಗುತ್ತೆ. ಆ ಖೋಲಿಯ ಹೆಂಗಸರಿಗೆ? ನಮ್ಮ ಕ್ಯಾಮೆರಾ ಕಲ್ಲು ಯಾಕೆ ಉದುರಿತು ಅಂತ ಹೇಳ್ತಿರಲಿಲ್ಲ. ಯಾರ ಕೂಲಿ ಕತ್ತರಿಸಬೇಕು ಅನ್ನೋದನ್ನ ಮಾತ್ರ ಇನ್ನಷ್ಟು ಕರಾರುವಾಕ್ಕಾಗಿ ಹೇಳ್ತಿತ್ತು.

ಮುಂದಿನ ಶನಿವಾರ ಹುಡುಗರಿಗೆ ಹೇಳಿದೆ. "ಎರಡು ವಾರ ಲ್ಯಾಪ್‌ಟಾಪ್ ತೆಗೆಯೋ ಹಾಗಿಲ್ಲ. ಒಂದು ಓಲೆಯ ಹಿಂದೆ ಹೋಗಿ. ಅದು ಎಲ್ಲೆಲ್ಲಿ ಹೋಗುತ್ತೋ ಅಲ್ಲೆಲ್ಲ ನೀವೂ ಹೋಗಿ." ಮುಖ ಸಪ್ಪೆ ಆಯ್ತು. ಆದರೂ ಹೋದರು.

ಹಿತ್ತಾಳೆ ಓಲೆ ಪಾಲಿಶ್ ಆಗಿ ಬರುತ್ತೆ. ತೊಳೀತಾರೆ, ಪ್ಲೇಟಿಂಗ್ ತೊಟ್ಟಿಗೆ ಇಳಿಸ್ತಾರೆ, ಮತ್ತೆ ನೀರಲ್ಲಿ ಅದ್ದಿ ತೆಗೀತಾರೆ. ಒದ್ದೆ ಓಲೆಯನ್ನ ಹಾಗೇ ಗಾಳಿಗೆ ಬಿಟ್ಟರೆ ನೀರಿನ ಕಲೆ ಕೂರುತ್ತೆ. ಅದಕ್ಕೆ ಮರದ ಹೊಟ್ಟಿನಲ್ಲಿ ಹಾಕಿ ಹೊರಳಿಸ್ತಾರೆ. ಗಾಳಾದಲ್ಲಿ ಅದಕ್ಕೆ ಬುರಾದಾ ಅಂತಾರೆ. ಹೊಟ್ಟು ನೀರು ಹೀರುತ್ತೆ. ಹಳೇ ಪದ್ಧತಿ, ಒಡವೆ ಪ್ಲೇಟಿಂಗ್ ಮಾಡೋ ಎಷ್ಟೋ ಕಡೆ ಹೀಗೇ. ಆಮೇಲೆ ಡಬ್ಬಿಗೆ ತುಂಬಿ ಚಾಳಿಗೆ ಕಳಿಸ್ತಾರೆ.

ಚಾಳಿನ ಆ ಖೋಲಿಗೆ ಹುಡುಗರ ಜೊತೆ ನಾನೂ ಹೋದೆ. ಹೆಂಗಸರೇ ಕೂತಿರೋ ಜಾಗ, ಹುಡುಗರು ಒಬ್ಬರೇ ಹೋದರೆ ಚೆನ್ನಾಗಿರಲ್ಲ ಅಂತ. ನಾಲ್ಕೈದು ಜನ ಕೂತಿದ್ದರು. ಮಧ್ಯೆ ಒಂದು ಬಟ್ಟಲಲ್ಲಿ ಅಂಟು. ಇದು ಎರಡು ಪಾಲಿನ ಅಂಟು, ಒಂದು ರಾಳ, ಇನ್ನೊಂದು ಅದನ್ನ ಗಟ್ಟಿ ಮಾಡೋ ಹಾರ್ಡನರ್. ಎರಡನ್ನೂ ಕಣ್ಣಳತೆಯಲ್ಲಿ ಕಲಸಿದ್ದರು. ಯಾರೂ ಹೆಚ್ಚು ಮಾತಾಡಲಿಲ್ಲ. ಶೇಟ್ ಕಡೆಯವರು ಅಂದ್ಕೊಂಡಿದ್ದರು ಅನ್ಸುತ್ತೆ.

ಅಷ್ಟರಲ್ಲಿ ಊರಿಂದ ಅಮ್ಮನ ಫೋನ್ ಬಂತು. "ಆಮೇಲೆ ಮಾಡ್ತೀನಮ್ಮ, ಕೆಲಸದಲ್ಲಿದ್ದೀನಿ" ಅಂದೆ. ಗೋಡೆಗೆ ಒರಗಿ ಕೂತಿದ್ದ ಒಬ್ಬರು ತಲೆ ಎತ್ತಿದರು.

"ಕನ್ನಡದವ್ರೇನ್ರಿ ನೀವು?"

"ಹೌದಕ್ಕ. ತುಮಕೂರು ಹತ್ರ. ನೀವು?"

"ಬಿಜಾಪುರ ಕಡೆಯವ್ರರಿ. ಇಲ್ಲಿಗೆ ಬಂದು ಇಪ್ಪತ್ತು ವರ್ಷಾತು."

ನೋಡಿ, ನಾವೂ ವಲಸೆ ಬಂದವರೇ, ಅವರೂ ವಲಸೆ ಬಂದವರೇ. ನಮ್ಮದಕ್ಕೆ ಆನ್‌ಸೈಟ್, ಟ್ರಾನ್ಸ್‌ಫರ್, ರಿಲೊಕೇಶನ್ ಅಂತ ಹೆಸರು. ಅವರು ಮಳೆ ಹೋದ ವರ್ಷ ಗಂಟುಮೂಟೆ ಕಟ್ಟಿಕೊಂಡು ಬಂದವರು. ಹಳಿಯ ಆಚೆ ಈಚೆ ಇಷ್ಟು ವರ್ಷ ಇದ್ದೂ ಭೇಟಿ ಆಗಿರಲಿಲ್ಲ.

ಕಲ್ಲು ಯಾಕೆ ಉದುರುತ್ತೆ ಅಂತ ಕೇಳಿದೆ. ಅವರು ಹೇಳಿದ್ದನ್ನ ಅವರ ಮಾತಲ್ಲೇ ಹೇಳ್ತೀನಿ.

"ಅಂಟು ನಾವೇನ್ ಉಳಸಂಗಿಲ್ರಿ. ಉಳಿಸಿ ಏನ್ ಮಾಡೋಣು, ತಿನ್ನಾಕ ಬರ್ತೈತೇನು? ಎಲ್ಲಾ ಮಾಲೂ ಉದರಂಗಿಲ್ಲ. ಕೆಲವು ಡಬ್ಬಿ ತೆರದ್ರ ಹೊಸಾ ಹಣ್ಣಿನ ಪೆಟಗಿ ವಾಸನಿ ಬರ್ತೈತಿ. ಆ ಡಬ್ಬಿ ಓಲಿ ಮ್ಯಾಲೆ ಅಂಟು ಹರಡಂಗಿಲ್ರಿ, ಗುಂಡಗ ನಿಂದರ್ತೈತಿ. ಎಣ್ಣಿ ಹಚ್ಚಿದ ಹಂಚಿನ ಮ್ಯಾಲೆ ನೀರು ಚಿಮುಕಿಸಿದ್ರ ಆಗ್ತೈತಲ್ರಿ, ಹಂಗ."

"ಇದನ್ನ ಶೇಟ್‌ಗೆ ಹೇಳಲಿಲ್ವಾ ಅಕ್ಕ?"

"ಯಾರ್ ಕೇಳ್ಯಾರ್ರಿ?"

ಹುಡುಗರಿಗೆ ಹಿಂದಿಯಲ್ಲಿ ತಿಳಿಸಿದೆ. ಒಂದು ಹುಡುಗಿ, ಕೆಮಿಸ್ಟ್ರಿ ಚೆನ್ನಾಗಿ ಓದಿಕೊಂಡವಳು, ತಕ್ಷಣ ಎದ್ದು ನಿಂತಳು. ಲೋಹ ಶುದ್ಧವಾಗಿದ್ದರೆ ನೀರು ಅದರ ಮೇಲೆ ತೆಳ್ಳಗೆ ಹರಡುತ್ತೆ, ಜಿಡ್ಡಿದ್ದರೆ ಗುಂಡಾಗಿ ನಿಲ್ಲುತ್ತೆ. ಪ್ಲೇಟಿಂಗ್, ಪೇಂಟಿಂಗ್ ಮಾಡೋ ದೊಡ್ಡ ಕಾರ್ಖಾನೆಗಳಲ್ಲಿ ಇದೇ ಒಂದು ಪರೀಕ್ಷೆ. ಅಕ್ಕ ಅಡುಗೆಮನೆ ಮಾತಲ್ಲಿ ಅದನ್ನೇ ಹೇಳಿದ್ದರು.

ಸೂಜಿ ಇಲ್ಲದ ಸಿರಿಂಜ್ ತಂದು ಬೇರೆ ಬೇರೆ ಡಬ್ಬಿಯ ಓಲೆಗಳ ಬೆನ್ನಿಗೆ ಒಂದೊಂದು ಹನಿ ಹಾಕಿದರು. ಕೆಲವು ಡಬ್ಬಿಯಲ್ಲಿ ಹನಿ ಹರಡಿತು. ಕೆಲವರಲ್ಲಿ ಮುತ್ತಿನ ಹಾಗೆ ನಿಂತಿತು. ನಿಂತ ಡಬ್ಬಿಗಳನ್ನ ಮೂಸಿದರೆ, ಹೌದು, ಹೊಸ ಪೆಟ್ಟಿಗೆಯ ವಾಸನೆ.

ವಾಸನೆ ಹಿಡಿದು ಹಿಂದಕ್ಕೆ ಹೋದರು. ಗಾಳಾದ ಮೂಲೆಯಲ್ಲಿ ಎರಡು ಥರದ ಹೊಟ್ಟಿನ ಮೂಟೆ. ಒಂದು ಹಳೇದು, ಗಟ್ಟಿ ಮರದ್ದು. ಇನ್ನೊಂದನ್ನ ಹೊಸ ಜಾಗದಿಂದ ತರಿಸೋಕೆ ಶುರು ಮಾಡಿದ್ದರು, ಪ್ಯಾಕಿಂಗ್ ಪೆಟ್ಟಿಗೆ ಮಾಡೋ ಕಡೆಯಿಂದ. ಅದು ಪೈನ್ ಮರ. ಪೈನ್‌ನಲ್ಲಿ ರಾಳ ಜಾಸ್ತಿ, ಟರ್ಪೆಂಟೈನ್ ಬರೋದೇ ಅದರಿಂದ. ಒದ್ದೆ ಓಲೆ ಆ ಹೊಟ್ಟಿನಲ್ಲಿ ಹೊರಳಿದಾಗ ಕಣ್ಣಿಗೆ ಕಾಣದಷ್ಟು ಜಿಡ್ಡು ಹತ್ತಿಕೊಳ್ತಿತ್ತು. ಮೂಟೆಗೆ ನಾಲ್ಕು ಕಾಸು ಉಳಿಸೋಕೆ ಹೋಗಿ ಆದ ಕೆಲಸ.

ಇಷ್ಟಕ್ಕೇ ಶೇಟ್ ಒಪ್ಪಲಿಲ್ಲ. ಒಪ್ಪಬಾರದು ಕೂಡ. ಇಲ್ಲಿ ನನ್ನ ಟೆಸ್ಟಿಂಗ್ ಉಪಯೋಗಕ್ಕೆ ಬಂತು. ಒಂದೇ ದಿನ ಪ್ಲೇಟಿಂಗ್ ಆದ ಓಲೆಗಳನ್ನ ಎರಡು ಪಾಲು ಮಾಡಿದೆವು. ಅರ್ಧ ಹಳೇ ಹೊಟ್ಟಿಗೆ, ಅರ್ಧ ಹೊಸ ಹೊಟ್ಟಿಗೆ. ಟ್ರೇ ಅಡಿಯಲ್ಲಿ ಗುರುತು, ಮೇಲೆ ಏನೂ ಇಲ್ಲ. ಯಾವುದು ಯಾವುದು ಅಂತ ಹೆಂಗಸರಿಗೂ ಗೊತ್ತಿಲ್ಲ, ಶೇಟ್‌ಗೂ ಗೊತ್ತಿಲ್ಲ. ಅದೇ ಕೈ, ಅದೇ ಅಂಟು, ಅದೇ ಮಧ್ಯಾಹ್ನ. ಮಾರನೇ ದಿನ ಶೇಟ್ ಕೈಗೇ ಟೇಪ್ ಕೊಟ್ಟು, ಕಲ್ಲಿನ ಮೇಲೆ ಅಂಟಿಸಿ ಕಿತ್ತು ನೋಡಿ ಅಂದೆವು. ಒಂದು ಟ್ರೇಯಲ್ಲಿ ಬಿದ್ದಿದ್ದು ಬೆರಳಲ್ಲಿ ಎಣಿಸುವಷ್ಟು. ಇನ್ನೊಂದರಲ್ಲಿ ಟೇಪ್ ತುಂಬ ಕಲ್ಲು, ಮಿಣಮಿಣ ಅಂತ. ಟ್ರೇ ಮಗುಚಿ ಗುರುತು ತೋರಿಸಿದಾಗ ಶೇಟ್ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಹೊಟ್ಟು ತರುವ ಹುಡುಗನಿಗೆ ಫೋನ್ ಮಾಡಿದರು.

ಉದುರೋದು ಪೂರ್ತಿ ನಿಲ್ಲಲಿಲ್ಲ. ಇನ್ನೊಂದು ಕಾರಣ ಅಂಟಿನ ಬಟ್ಟಲಲ್ಲೇ ಇತ್ತು. ಈ ಎರಡು ಪಾಲಿನ ಅಂಟನ್ನ ಜಾಸ್ತಿ ಕಲಸಿಟ್ಟರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಬೇಗ ಗಟ್ಟಿಯಾಗೋಕೆ ಶುರುವಾಗುತ್ತೆ. ಬಟ್ಟಲಿನ ಕೊನೆಯ ಅಂಟು ಅರ್ಧ ಸತ್ತ ಅಂಟು. ಕಣ್ಣಳತೆಯಲ್ಲಿ ಪ್ರಮಾಣ ತಪ್ಪಿದರಂತೂ ಎಷ್ಟು ಹೊತ್ತಾದರೂ ಮೆತ್ತಗೇ ಉಳಿಯುತ್ತೆ. ಹಾಗಾಗಿ ಇದರಲ್ಲಿ ಹೆಂಗಸರ ಕೈವಾಡ ಒಂಚೂರು ಇತ್ತು, ಒಪ್ಪಿಕೊಳ್ಳಬೇಕು. ಆದರೆ ಅಳತೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಎರಡು ಸಿರಿಂಜ್‌ನಲ್ಲಿ ಸಮ ಸಮ ಅಳೆದು, ಬಾಟಲಿ ಮುಚ್ಚಳದಷ್ಟೇ ಕಲಸಿ, ಮುಗಿದ ಮೇಲೆ ಮತ್ತೆ ಕಲಸೋದು ಅಂತ ಮಾಡಿದರು. ಪ್ರತಿ ಡಬ್ಬಿ ಗಾಳಾ ಬಿಡೋ ಮುಂಚೆ ಒಂದು ಓಲೆಗೆ ನೀರಿನ ಹನಿ. ಹನಿ ನಿಂತರೆ ಆ ಡಬ್ಬಿ ವಾಪಸ್ ತೊಳೆಯೋಕೆ. ಹನಿ ಪರೀಕ್ಷೆಯ ಗುರುತಿಲ್ಲದ ಡಬ್ಬಿಗೆ ಕೂಲಿ ಕಡಿತ ಇಲ್ಲ. ಈ ಕೊನೇ ಮಾತನ್ನ ಶೇಟ್ ಕೈಯಲ್ಲಿ ಬರೆಸಿಕೊಳ್ಳೋಕೆ ಮೂರು ಶನಿವಾರ ಹಿಡೀತು.

ಎಲ್ಲಾ ಸುಖಾಂತ್ಯ ಅಂತ ಹೇಳಿ ಹೋಗೋದು ಸುಲಭ. ಆದರೆ ಹಾಗಾಗಲಿಲ್ಲ. ಹಿಂದೆ ಕತ್ತರಿಸಿದ ಕೂಲಿ ವಾಪಸ್ ಬರಲಿಲ್ಲ. ಮತ್ತೆ ಆ ಅಕ್ಕನ ಕೈ. ಬೆರಳ ಸಂದಿ ಎಲ್ಲ ಸಿಪ್ಪೆ ಎದ್ದು, ಬಿರುಕು ಬಿಟ್ಟು, ಕೆಂಪಾಗಿತ್ತು. ಈ ಅಂಟು ಗಟ್ಟಿಯಾಗೋ ಮುಂಚೆ ಚರ್ಮಕ್ಕೆ ತಾಗ್ತಾ ಇದ್ದರೆ ಕೆಲವರಿಗೆ ಅಲರ್ಜಿ ಬರುತ್ತೆ. ಒಮ್ಮೆ ಬಂದರೆ ಆಮೇಲೆ ಸ್ವಲ್ಪ ತಾಗಿದರೂ ಸಾಕು, ಮತ್ತೆ ಏಳುತ್ತೆ. ಹುಡುಗರು ನೈಟ್ರೈಲ್ ಕೈಗವಸು ತಂದುಕೊಟ್ಟರು. "ಇದನ್ನ ಹಾಕ್ಕೊಂಡ್ರ ಕಲ್ಲು ಹಿಡಿಯಾಕ ಬರಂಗಿಲ್ರಿ" ಅಂದರು ಎಲ್ಲರೂ. ಕೊನೆಗೆ ಹೆಂಗಸರೇ ಒಂದು ದಾರಿ ಮಾಡಿಕೊಂಡರು. ಓಲೆ ಹಿಡಿಯೋ ಎಡಗೈಗೆ ಮಾತ್ರ ಕೈಗವಸು. ಬಲಗೈಯಲ್ಲಿ ತುದಿಗೆ ಮೇಣ ಹಚ್ಚಿದ ಕಡ್ಡಿ, ಕಲ್ಲು ಅದಕ್ಕೆ ಅಂಟಿಕೊಂಡು ಬರುತ್ತೆ, ಬೆರಳಿಗೆ ಅಂಟು ತಾಗಲ್ಲ. ಉಳಿದವರಿಗೆ ಅದು ಒಳ್ಳೇದಾಯ್ತು. ಆದರೆ ಅಕ್ಕ ಆ ಕೆಲಸ ಬಿಡಬೇಕಾಯ್ತು. ಈಗ ಮಣಿ ಪೋಣಿಸ್ತಾರೆ, ಅದರಲ್ಲಿ ಕೂಲಿ ಕಡಿಮೆ. ಅವರೇ ಹೇಳಿದ ಕಾರಣದಿಂದ ಎಲ್ಲರ ಕಡಿತ ನಿಂತಿತು, ಅವರಿಗೆ ಮಾತ್ರ ನಾವು ತಡವಾಗಿ ಬಂದಿದ್ದೆವು.

ಹುಡುಗರ ಕಥೆ ಇನ್ನೊಂದು. ವೈವಾದಲ್ಲಿ ಅವರ ಮುಂದಿದ್ದ ಪ್ರಶ್ನೆ, "ಇದರಲ್ಲಿ ಟೆಕ್ನಾಲಜಿ ಎಲ್ಲಿದೆ?" ಸಿರಿಂಜ್, ನೀರಿನ ಹನಿ, ಮರದ ಹೊಟ್ಟು. ಪಕ್ಕದ ಗುಂಪಿನವರ ಮೇಜಿನ ಮೇಲೆ ಮಿನುಗೋ ಎಲ್‌ಇಡಿ, ಓಡಾಡೋ ರೋಬೋಟ್. ನಮ್ಮವರಿಗೆ ಸಾಧಾರಣ ಮಾರ್ಕ್ಸ್ ಬಂತು. ಆ ಹುಡುಗಿ ನನಗೆ ಫೋನ್ ಮಾಡಿ ಅತ್ತಳು. ಏನು ಹೇಳಬೇಕೋ ನನಗೂ ತೋಚಲಿಲ್ಲ. ನಮ್ಮ ಊರಿನ ಒಂದು ವಿಷಯ ಹೇಳಿದೆ. 1974ರಲ್ಲಿ ಅಮೂಲ್ಯ ರೆಡ್ಡಿಯವರು ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಸ್ತ್ರ ಅನ್ನೋ ಗುಂಪು ಕಟ್ಟಿದರು. ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ಇತ್ತು. ಅಷ್ಟು ದೊಡ್ಡ ವಿಜ್ಞಾನಿಗಳು ಸೌದೆ ಒಲೆ ಮೇಲೆ ಕೆಲಸ ಮಾಡಿದರು. ಕಡಿಮೆ ಸೌದೆ, ಕಡಿಮೆ ಹೊಗೆ. ಅಸ್ತ್ರ ಒಲೆ ಅಂತ ನಮ್ಮ ಕಡೆ ಹಳಬರಿಗೆ ಈಗಲೂ ಗೊತ್ತು. "ಒಲೆಯಲ್ಲಿ ಟೆಕ್ನಾಲಜಿ ಎಲ್ಲಿದೆ ಅಂತ ಅವರನ್ನೂ ಯಾರಾದರೂ ಕೇಳಿರ್ತಾರೆ ಬಿಡು" ಅಂದೆ. ಅಳು ನಿಲ್ಲಿಸಿ ನಕ್ಕಳು.

ಈಗ ನಮ್ಮ ವಿಷಯಕ್ಕೆ ಬರ್ತೀನಿ. ಮುಂಬೈಗೆ ಬಂದ ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವರು. ಮೊಗವೀರರು, ಬಿಲ್ಲವರು, ಇನ್ನೂ ಎಷ್ಟೋ ಕನ್ನಡ ಸಂಘದವರು ಆ ಶಾಲೆಗಳನ್ನ ನಡೆಸಿದರು. ಕೆಲಸ ಮಾಡೋರು ಇದ್ದ ಕಡೆಗೆ ಅವರು ಓದನ್ನ ತಂದರು. ಈಗ ಓದೋರನ್ನ ಕೆಲಸ ನಡೆಯೋ ಕಡೆಗೆ ಕರ್ಕೊಂಡು ಹೋಗೋದು ನಮ್ಮ ಕೈಲಿ ಆಗುತ್ತೆ. ಪೀಣ್ಯದಲ್ಲಿರಲಿ, ಪುಣೆಯಲ್ಲಿರಲಿ, ನಿಮ್ಮ ಆಫೀಸಿನ ಹತ್ತಿರ ಒಂದು ಕಾಲೇಜು, ಹತ್ತಾರು ಸಣ್ಣ ಕಾರ್ಖಾನೆ ಇದ್ದೇ ಇರುತ್ತೆ. ತಿಂಗಳಿಗೆ ಎರಡು ಶನಿವಾರ ಸಾಕು.

ಮಾಡೋದಾದರೆ ಮೂರು ಮಾತು ನೆನಪಿಟ್ಟುಕೊಳ್ಳಿ. ಮಾಲೀಕರು ಹೇಳಿದ ತೊಂದರೆಯನ್ನ ಬರೆದುಕೊಳ್ಳಿ, ಆದರೆ ಅದೇ ಕೊನೆ ಅಂದುಕೊಳ್ಳಬೇಡಿ, ಕೈಯಾರೆ ಆ ಕೆಲಸ ಮಾಡೋರ ಪಕ್ಕ ಕೂತು ಕೇಳಿ. ಎರಡನೇದು, ಈ ಪ್ರಾಜೆಕ್ಟ್‌ನಿಂದ ಯಾರ ಕೆಲಸವೂ ಹೋಗಬಾರದು, ಯಾರ ಕೂಲಿಯೂ ಕಡಿಮೆ ಆಗಬಾರದು ಅಂತ ಮೊದಲ ದಿನವೇ ಬರೆಸಿಕೊಳ್ಳಿ. ನಾವು ಕೊನೆಗೆ ಬರೆಸಿಕೊಂಡೆವು, ಅದು ತಪ್ಪು. ಮೂರನೇದು, ಕಾಲೇಜಿನವರ ಹತ್ರ ಮೊದಲೇ ಕೂತು ಮಾತಾಡಿ. ಕಾರಣ ಹುಡುಕಿದ್ದಕ್ಕೂ ಮಾರ್ಕ್ಸ್ ಇರಲಿ ಅಂತ ಒಪ್ಪಿಸಿ. ಈ ವರ್ಷ ನಮ್ಮ ಕಾಲೇಜಿನವರು ಅದಕ್ಕೆ ಒಪ್ಪಿದ್ದಾರೆ. ಈಗ ಎರಡು ಗುಂಪು, ಎರಡು ಗಾಳಾ.

ಹೋದ ದೀಪಾವಳಿಗೆ ಅಕ್ಕನ ಖೋಲಿಗೆ ಹೋಗಿದ್ದೆ. ಶೇಂಗಾ ಹೋಳಿಗೆ ಕೊಟ್ಟರು. ಹೊಸ ಗುಂಪಿನ ಹುಡುಗರು ಬಾಗಿಲಲ್ಲಿ ನಿಂತಿದ್ದರು, ನೋಟ್‌ಬುಕ್ ಹಿಡ್ಕೊಂಡು, ಸಂಕೋಚ ಪಡ್ತಾ. ಅಕ್ಕ ಒಂದು ಚಾಪೆ ಹಾಸಿ, ಅವರಿಗೆ ಹಿಂದಿಯಲ್ಲಿ, ನನಗೆ ಕನ್ನಡದಲ್ಲಿ ಹೇಳಿದರು, "ಕೂಡ್ರಿ. ಏನ್ ಕೇಳೂದೈತಿ, ಕೇಳ್ರಿ."